ಎರಡು ಹೊತ್ತಿನ ಹಾಲಿನ ನಡುವೆ

ಅವರ ಬಲಗೈ ಪೂರ್ತಿ ಬಿಚ್ಚಿಕೊಳ್ಳುತ್ತಿರಲಿಲ್ಲ. ಮಾತಾಡುವಾಗ, ಉಣ್ಣುವಾಗ, ಜಗುಲಿಯ ಮೇಲೆ ಒಂದು ಗಳಿಗೆ ಒರಗಿಕೊಂಡಾಗ ಕೂಡ ಹೆಬ್ಬೆರಳು ಒಳಕ್ಕೆ ಮಡಚಿಕೊಂಡೇ ಇರುತ್ತಿತ್ತು. ಉಳಿದ ಬೆರಳುಗಳು ಅದರ ಸುತ್ತ ಏನನ್ನೋ ಹಿಡಿದ ಹಾಗೆ ನಿಂತಿರುತ್ತಿದ್ದವು. ದೇವರಿಗೆ ಕೈ ಮುಗಿದರೂ ಎರಡು ಅಂಗೈಗಳ ನಡುವೆ ಒಂದು ಸಂದು ಉಳಿಯುತ್ತಿತ್ತು. ಮೈಸೂರಿನಲ್ಲಿ ಚಿತ್ರಕಲೆ ಓದಿದಷ್ಟು ದಿನ ನಾನು ಅತಿ ಹೆಚ್ಚು ಸಲ ಬರೆದು ಅಳಿಸಿದ್ದು ಆ ಕೈಯನ್ನೇ.

ನಾನು ಅವರನ್ನು ಅತ್ತೆ ಎಂದು ಕರೆಯುತ್ತಿದ್ದೆ. ನೆಂಟಸ್ತಿಕೆ ಏನೂ ಇರಲಿಲ್ಲ. ನಮ್ಮದು ಪಾಂಡವಪುರದ ಪಕ್ಕದ ಹಳ್ಳಿ. ಅವರ ಕೊಟ್ಟಿಗೆ ನಮ್ಮ ಅಡುಗೆಮನೆಯ ಕಿಟಕಿಗೆ ಎದುರು. ಅತ್ತೆ ಅನ್ನಲು ಅಷ್ಟು ಸಾಕು. ಊರಿನ ಉಳಿದವರಿಗೆ ಅವರು ‘ಸಿಂಧಘಟ್ಟದೋಳು’. ಕೆ.ಆರ್. ಪೇಟೆ ಕಡೆಯ ಸಿಂಧಘಟ್ಟದಿಂದ ಮದುವೆಯಾಗಿ ಬಂದವರು, ಹಾಗಾಗಿ. ಡೈರಿಯಲ್ಲಿ ಅವರ ಹಾಲಿನ ಸರದಿ ಬಂದಾಗ ಕೂಗುತ್ತಿದ್ದುದೂ ಅವರ ಗಂಡನ ಹೆಸರನ್ನು. ಅವರ ಸ್ವಂತ ಹೆಸರನ್ನು ಯಾರಾದರೂ ಬಾಯಿಬಿಟ್ಟು ಕರೆದದ್ದು ನನಗೆ ನೆನಪಿಲ್ಲ. ನಾನೂ ಇಲ್ಲಿ ಬರೆಯುವುದಿಲ್ಲ.

ಡೈರಿಗೆ ಹಾಲು ಹಾಕುವ ಮನೆಯಲ್ಲಿ ದಿನವನ್ನು ಅಳೆಯುವ ರೀತಿಯೇ ಬೇರೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಹಸು ಕರೆಯಬೇಕು. ಆಚೆ ಹೋಗುವುದಿದ್ದರೆ ಈ ಎರಡರ ನಡುವೆ ಹೋಗಿ ಬರಬೇಕು. ಅತ್ತೆ ಮದುವೆಯಾದಾಗಿನಿಂದ ಹೋದ ಎಲ್ಲ ಜಾಗಗಳೂ ಆ ಅಳತೆಯೊಳಗಿನವು. ಮದುವೆಗೆ ಹೋದರೆ ಧಾರೆ ನೋಡುತ್ತಿದ್ದರು, ಊಟಕ್ಕೆ ನಿಲ್ಲುತ್ತಿರಲಿಲ್ಲ. ಒಮ್ಮೆ ಆದಿಚುಂಚನಗಿರಿಯ ಆಸ್ಪತ್ರೆಗೆ ಕಣ್ಣು ತೋರಿಸಲು ಹೋಗಿದ್ದರು. ಕಣ್ಣಿಗೆ ಔಷಧಿ ಬಿಟ್ಟಿದ್ದಾರೆ, ಮಂಜು ಇಳಿಯುವ ತನಕ ಕೂತಿರಿ ಎಂದು ನರ್ಸ್ ಹೇಳಿದರೂ ಕೇಳದೆ ಬಸ್ಸು ಹತ್ತಿ ಬಂದು, ಕಾಣದ ಕಣ್ಣಲ್ಲೇ ಹಾಲು ಕರೆದರು. “ಕಣ್ಗೆ ಕಾಣ್ದಿದ್ರೆ ಏನವ್ವ, ಕೈಗೆ ಕಾಣ್ತದಲ್ಲ” ಎಂದು ಮರುದಿನ ನಕ್ಕರು.

ಅವರ ತಾಯಿ ತೀರಿಕೊಂಡ ದಿನವೂ ಹಾಗೇ. ಬೆಳಗಿನ ಹಾಲು ಹಾಕಿ ಸಿಂಧಘಟ್ಟಕ್ಕೆ ಹೋದವರು ಹೆಣ ಎತ್ತಿದ ಕೂಡಲೇ ಹೊರಟು ಬಂದು, ತಲೆಯ ಮೇಲೆ ನೀರು ಹುಯ್ದುಕೊಂಡು ಕೊಟ್ಟಿಗೆಗೆ ಹೋದರಂತೆ.

“ಅಳಾದೆಲ್ಲಾ ಬಸ್ಸಲ್ಲೇ ಮುಗಿಸ್ಕಂಡೆ ಕಣವ್ವ,” ಎಂದಿದ್ದರು ನನಗೆ. “ಪುಣ್ಯಕ್ಕೆ ಕಿಟಕಿ ಪಕ್ಕ ಸೀಟು ಸಿಕ್ಕಿತ್ತು.”

ಅವರ ಮನೆಯಲ್ಲಿ ಎರಡು ಸೀಮೆ ಹಸುಗಳಿದ್ದವು. ಕರಿ ಹಸು ಸಾಧು; ಯಾರು ಕೂತರೂ ಹಾಲು ಕೊಡುತ್ತಿತ್ತು. ಇನ್ನೊಂದು, ಕೆಂಪು ಬಣ್ಣದ ಕೆಂದ, ಹಾಗಲ್ಲ. ನಾಗಮಂಗಲದ ಕಡೆಯ ನೆಂಟರ ಮನೆಯಲ್ಲಿ ತಾಯಿ ಸತ್ತ ಕರುವನ್ನು ಅತ್ತೆ ಗೋಣಿಚೀಲದಲ್ಲಿ ಸುತ್ತಿ ಆಟೋದಲ್ಲಿ ತಂದು, ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ್ದರು. ಅದು ಹಸುವಾಗಿ ಕರು ಹಾಕಿದ ಮೇಲೆ ಅತ್ತೆಯನ್ನು ಬಿಟ್ಟು ಬೇರೆ ಯಾರನ್ನೂ ಕೆಚ್ಚಲಿಗೆ ಕೈ ಹಾಕಲು ಬಿಡಲಿಲ್ಲ. ಅತ್ತೆಗೆ ಒಮ್ಮೆ ಜ್ವರ ಬಂದಾಗ ಅವರ ಗಂಡ, ನಾನು ಮಾವ ಎನ್ನುವವರು, ಬಕೆಟ್ಟು ಹಿಡಿದು ಹೋದರು. ಬಕೆಟ್ಟು ನಮ್ಮ ಹಿತ್ತಿಲಿಗೆ ಬಂದು ಬಿತ್ತು.

ಆಗ ಯಾರೋ ಹಿರಿಯರು ಹೇಳಿಕೊಟ್ಟ ಉಪಾಯ ನಮ್ಮ ಕಡೆ ಹೊಸದೇನಲ್ಲ. ಒಬ್ಬರ ಕೈಗೇ ಒಗ್ಗಿದ ಹಸುವಿಗೆ ಅವರ ಬಟ್ಟೆಯ ವಾಸನೆ ತೋರಿಸಬೇಕು. ಅತ್ತೆ ಹಾಲು ಕರೆಯುವಾಗ ಉಡುತ್ತಿದ್ದ ಒಂದು ಹಳೇ ಸೀರೆ ಕೊಟ್ಟಿಗೆಯ ಗೂಟಕ್ಕೆ ಸದಾ ನೇತಾಡುತ್ತಿತ್ತು. ಮಾವ ಪಂಚೆಯ ಮೇಲೆ ಅದನ್ನು ಸುತ್ತಿಕೊಂಡು, ಮೀಸೆ ಮುಚ್ಚುವಷ್ಟು ಸೆರಗು ಎಳೆದುಕೊಂಡು ಹೋಗಿ ಕೂತರು. ಕೆಂದ ಸೆರಗನ್ನು ಮೂಸಿ ನೋಡಿ ಹಾಲು ಬಿಟ್ಟಿತು. ಸುದ್ದಿ ಮಾವನಿಗಿಂತ ಮೊದಲೇ ಡೈರಿ ತಲುಪಿತ್ತು.

“ಬಾರಕ್ಕ, ಬಾ. ಇವತ್ತು ಹಾಲು ಎಷ್ಟು ತಂದೆ?” ಎಂದು ಸರದಿಯಲ್ಲಿ ನಿಂತ ಗಂಡಸರು ಕರೆದರು.

“ನಗ್ರಲಾ, ನಗ್ರಿ,” ಎಂದರು ಮಾವ ಕ್ಯಾನು ಇಳಿಸುತ್ತ. “ನಿಮ್ ಹಸ ಎದೆಗೆ ಒದ್ದ ದಿನ ನನ್ನತ್ರನೇ ಬರ್ಬೇಕು, ಸೀರೆ ಉಡಾದ್ ಎಂಗೆ ಅಂತ ಕೇಳಾಕೆ.”

ಆದರೆ ಮನೆಗೆ ಬಂದು ಹೆಂಡತಿಗೆ ಖಡಾಖಂಡಿತವಾಗಿ ಹೇಳಿದರು: “ಜ್ವರ ಬಂದ್ರೆ ಉಡ್ತೀನಿ. ಸೋಕಿಗೆ ಉಡಾಕಿಲ್ಲ.” ಅತ್ತೆಗೆ ವರ್ಷಕ್ಕೆ ಒಂದೋ ಎರಡೋ ಸಲ ಜ್ವರ ಬರುತ್ತಿತ್ತು. ಸೋಕಿ ಬರುತ್ತಿರಲಿಲ್ಲ.

ಕಾಲೇಜಿನ ಕೊನೆಯ ವರ್ಷ ನಮ್ಮ ತರಗತಿಯವರೆಲ್ಲ ಹಂಪಿಗೆ, ಬಾದಾಮಿಗೆ ಹೋದರು. ಸ್ಫೂರ್ತಿಗೆ ಬೇಕು ಎಂದು ಮೇಷ್ಟ್ರು ಏರ್ಪಡಿಸಿದ್ದ ಪ್ರವಾಸ. ನಮ್ಮಪ್ಪ ಬೇಡ ಎನ್ನಲಿಲ್ಲ. “ನೋಡಾನ” ಎಂದರು. ನಮ್ಮ ಮನೆಯಲ್ಲಿ ಆ ಮಾತಿಗೆ ಒಂದೇ ಅರ್ಥ. ಬೆಳಿಗ್ಗೆ ಪಾಂಡವಪುರದಲ್ಲಿ ರೈಲು ಹತ್ತಿ, ಸಂಜೆ ದೀಪ ಹಚ್ಚುವ ಮೊದಲು ಮನೆಯಲ್ಲಿರಬೇಕು ಎನ್ನುವುದು ನನ್ನ ಓದಿಗೆ ಹಾಕಿದ್ದ ಷರತ್ತು. ಆ ವಾರ ಕಾಲೇಜೂ ಇಲ್ಲದೆ, ಅಡುಗೆಮನೆಯ ಕಿಟಕಿಯ ಹತ್ತಿರ ತೆಂಗಿನಕಾಯಿ ತುರಿಯುತ್ತ ನಿಂತಿದ್ದಾಗ ಎದುರಿನ ಕೊಟ್ಟಿಗೆ ಕಂಡಿತು. ಅದು ನಾನು ಹುಟ್ಟಿದಾಗಿನಿಂದ ಕಾಣುತ್ತಲೇ ಇತ್ತು. ಆ ದಿನ ಕಿಟಕಿಯ ಸರಳುಗಳ ಜೊತೆ ಕಂಡಿತು. ಸ್ಫೂರ್ತಿಯ ಬಗ್ಗೆ ಯಾರಾದರೂ ಕೇಳಿದರೆ ನನಗೆ ಹೇಳಲು ಇರುವುದು ಇಷ್ಟೇ. ಹೋಗಲು ಬೇರೆ ಜಾಗ ಇರಲಿಲ್ಲ.

“ಅತ್ತೆ, ನಿಮ್ಮನ್ನು ಬರೀಬೇಕು,” ಎಂದೆ ಮರುದಿನ.

“ಏನ್ ಬರೀತೀಯ? ರೇಷನ್ ಕಾರ್ಡಿಗಾ?”

“ಚಿತ್ರ. ನೀವು ಸುಮ್ಮನೆ ಕೂತಿದ್ರೆ ಸಾಕು.”

“ಸುಮ್ಕೆ ಕುಂತ್ಕಳಾದಾ?” ಅವರು ನಿಜಕ್ಕೂ ಗಾಬರಿಯಾದರು. “ಅದೊಂದ್ ಬುಟ್ಟು ಇನ್ನೇನಾದ್ರೂ ಯೇಳವ್ವ, ಮಾಡ್ತೀನಿ.”

ಕೊನೆಗೆ ಒಪ್ಪಿ, ಒಳಗೆ ಹೋಗಿ ಧಾರೆಯ ರೇಷ್ಮೆ ಸೀರೆ ಉಟ್ಟು, ಹೂ ಮುಡಿದು ಬಂದರು. ನನಗೆ ಗೂಟದ ಮೇಲಿನ ಸೀರೆ ಬೇಕಿತ್ತು. ಅದು ಅಂಗಡಿಯಿಂದ ಬಂದಾಗ ನೀಲಿ ಇದ್ದಿರಬೇಕು. ಹಾಲು, ಸಗಣಿ, ಬೂಸಾ, ಬೆವರು ಎಲ್ಲ ಸೇರಿ, ಸೋಪು ಕಾಣದೆ, ಬರೀ ಬಿಸಿಲಿಗೆ ಒಣಗಿ ಒಣಗಿ ಒಂದು ಬಣ್ಣಕ್ಕೆ ಬಂದಿತ್ತು. ಯಾವ ಟ್ಯೂಬಿನಲ್ಲೂ ಆ ಬಣ್ಣ ಇಲ್ಲ. ನಾನು ಬೂದು, ನೀಲಿ, ಮಣ್ಣಿನ ಹಳದಿ ಬೆರೆಸಿ ಬೆರೆಸಿ ಅದರ ಪಕ್ಕಕ್ಕೆ ಹೋಗಿ ಬರುತ್ತಿದ್ದೆ, ಅದನ್ನು ಮುಟ್ಟಲಾಗುತ್ತಿರಲಿಲ್ಲ.

“ಥೂ, ಇದ್ನಾ?” ಎಂದರು ಅತ್ತೆ. “ಮೈಸೂರಿನೋರು ಇದ್ನ ನೋಡಿ, ಯಾವೂರ್ ಭಿಕ್ಷದೋಳು ಅನ್ನಾಕಿಲ್ವಾ?” ಮೂರು ದಿನ ರೇಷ್ಮೆಯಲ್ಲಿ ಕೂತರು. ಅದರಲ್ಲಿ ಅವರು ಮದುವೆಮನೆಯಲ್ಲಿ ಊಟಕ್ಕೆ ಕಾಯುವವರ ಹಾಗೆ ಕಾಣುತ್ತಿದ್ದರು. ನಾಲ್ಕನೇ ದಿನ ಅವರಿಗೇ ಬೇಸರವಾಗಿ ಹಳೇ ಸೀರೆಯಲ್ಲಿ ಬಂದರು.

ಕೂರುವುದೇನೋ ಕೂತರು. ಕೈ ಕೂರಲಿಲ್ಲ. ಅವರೆಕಾಯಿ ಬಿಡಿಸುವುದು, ರಾಗಿಯಲ್ಲಿ ಕಲ್ಲು ಆರಿಸುವುದು, ಏನೂ ಇಲ್ಲದಿದ್ದರೆ ಹಗ್ಗದ ತುದಿಯನ್ನು ಹೊಸೆಯುವುದು. ಕೈ ಸುಮ್ಮನಿರಲಿ ಅತ್ತೆ ಎಂದರೆ, “ಅದು ನನ್ ಮಾತೇ ಕೇಳಾಕಿಲ್ಲ, ನಿನ್ ಮಾತ್ ಕೇಳ್ತದಾ?” ಎನ್ನುತ್ತಿದ್ದರು. ಮುಖ ಬಂತು, ಸೀರೆ ಬಂತು, ಹಿಂದೆ ಕೆಂದನ ಹೊಟ್ಟೆ, ಗೋಡೆ, ಗೂಟ ಎಲ್ಲ ಬಂದವು. ಮಡಿಲಲ್ಲಿ ಕೈ ಇರಬೇಕಾದಲ್ಲಿ, ಕಾಲೇಜಿನಲ್ಲಿದ್ದ ನನ್ನ ಕ್ಯಾನ್ವಾಸಿನಲ್ಲಿ, ಒರೆಸಿ ಒರೆಸಿ ಮಸುಕಾದ ಒಂದು ಜಾಗ ಇತ್ತು. ಅದನ್ನು ನೋಡಿದ ಮೇಷ್ಟ್ರು, “ಕೈ ಗೊತ್ತಿಲ್ಲದೆ ಮುಖ ಬರೆದಿದ್ದೀಯ” ಎಂದರು.

ನಾನು ಕೈಯನ್ನು ಮತ್ತೆ ಮತ್ತೆ ನೋಡುತ್ತಿರುವುದು ಅತ್ತೆಗೂ ತಿಳಿದಿತ್ತು. ಒಂದು ಸಂಜೆ ಕೆಂದನ ಪಕ್ಕ ಕೂತವರು ನನ್ನನ್ನು ಕರೆದರು. “ಬಾ ಇಲ್ಲಿ. ಹಿಡ್ದು ನೋಡು.” ನನ್ನ ಹೆಬ್ಬೆರಳನ್ನು ಒಳಕ್ಕೆ ಮಡಚಿ, ಅದರ ಗೆಣ್ಣಿಗೂ ಉಳಿದ ಬೆರಳುಗಳಿಗೂ ನಡುವೆ ಮೊಲೆತೊಟ್ಟನ್ನು ಕೊಟ್ಟರು. ತಾವು ಹಸುವಿನ ಹೊಟ್ಟೆಗೆ ಹಣೆ ಒತ್ತಿ ಕೂತರು. ಅವರ ವಾಸನೆ ಇದ್ದುದರಿಂದ ಅದು ಸುಮ್ಮನಿತ್ತು. ಸ್ವಲ್ಪ ಹೊತ್ತಿಗೇ ನನ್ನ ಮುಂಗೈ ಸೆಟೆದುಕೊಂಡಿತು. “ನೋವಾ?” ಎಂದು ಕೇಳಿದರು. ಹೌದೆಂದೆ. “ಒಸಿ ದಿನ ಅಂಗೆ. ಆಮ್ಯಾಕೆ ಕೈ ಅಲ್ಲೇ ನಿಂತೋಯ್ತದೆ.” ಆಮೇಲೆ ದಿನಾ ಸಂಜೆ ಸ್ವಲ್ಪ ಹೊತ್ತು ಕೂತೆ. ಕೆಲವು ವಾರ ಕಳೆದ ಮೇಲೆ ಮಡಿಲಿನ ಕೈ ಚಿತ್ರದಲ್ಲಿ ಬಂತು. ಖಾಲಿಯಾಗಿ, ಅರ್ಧ ಮುಚ್ಚಿಕೊಂಡು, ಹೆಬ್ಬೆರಳು ಒಳಗೆ.

ಆ ದಿನಗಳಲ್ಲೇ ನನ್ನನ್ನು ನೋಡಲು ನಾಗಮಂಗಲದಿಂದ ಗಂಡಿನ ಕಡೆಯವರು ಬಂದಿದ್ದರು. ಒಳ್ಳೆಯ ಜನ. ಚಿತ್ರ ಬರೆಯುವುದನ್ನು ಬಿಡಬೇಕು ಎಂದೇನೂ ಹೇಳಲಿಲ್ಲ. “ಬಿಡುವಾದಾಗ ಬರ್ಕಳ್ಳಿ, ನಮ್ದೇನಿಲ್ಲ” ಎಂದರು ಹುಡುಗನ ತಾಯಿ. ಅವ್ವನ ಮುಖ ಅರಳಿತು. ಉಪ್ಪಿಟ್ಟು ಹಂಚಲು ಬಂದಿದ್ದ ಅತ್ತೆ ತಟ್ಟೆ ಹಿಡಿದು ನಿಂತೇ ಕೇಳಿದರು:

“ನಿಮ್ಮನೇಲಿ ಹಸ ಎಷ್ಟವ್ವ?”

“ನಾಕು. ಎಲ್ಲಾ ಸೀಮೆವು,” ಎಂದರು ಆಕೆ, ಹೆಮ್ಮೆಯಿಂದ.

ಅತ್ತೆ ತಟ್ಟೆ ಕೆಳಗಿಟ್ಟು, ನಮ್ಮವ್ವನ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ, “ಬ್ಯಾಡ” ಎಂದರು. ಅಷ್ಟು ಹೇಳಿ ಹಿತ್ತಿಲ ಬಾಗಿಲಿನಿಂದ ಹೊರಟುಹೋದರು. ಸಂಬಂಧ ಅಲ್ಲಿಗೇ ನಿಂತಿತು; ಅವ್ವ ಅವರ ಹತ್ತಿರ ಎಷ್ಟೋ ದಿನ ಮಾತು ಬಿಟ್ಟಿದ್ದಳು. ನಾನು ಮಾತ್ರ ಆ ಒಂದು ಮಾತನ್ನು ರೈಲಿನಲ್ಲಿ ಕೂತು ಎಷ್ಟೋ ಸಲ ನೆನಪಿಸಿಕೊಂಡು ನಗುತ್ತಿದ್ದೆ. ನನ್ನ ಪರವಾಗಿ ಅಷ್ಟು ಚಿಕ್ಕದಾಗಿ, ಅಷ್ಟು ಸ್ಪಷ್ಟವಾಗಿ ಬೇರೆ ಯಾರೂ ಮಾತಾಡಿರಲಿಲ್ಲ.

ಮನೆಯಲ್ಲಿ ಬರೆದದ್ದು ಕರಡುಗಳು ಮಾತ್ರ; ಚಿತ್ರ ಮಾಡಿ ಮುಗಿಸಿದ್ದು ಕಾಲೇಜಿನಲ್ಲಿ. ಬಾಗಿಲಷ್ಟು ದೊಡ್ಡದು, ಬಸ್ಸಿನಲ್ಲಿ ತರುವಂಥದ್ದಲ್ಲ. ವರ್ಷದ ಕೊನೆಯ ಪ್ರದರ್ಶನದಲ್ಲಿ ತೂಗುಹಾಕುತ್ತಾರೆ ಎಂದು ಅತ್ತೆಗೆ ಹೇಳಿದೆ.

“ಯಾರ್ ಬತ್ತಾರೆ ನೋಡಾಕೆ?”

“ಯಾರು ಬೇಕಾದರೂ ಬರಬಹುದು.”

“ನನ್ ಗುರ್ತಿಲ್ದೋರೂ?”

“ಹೆಚ್ಚಾಗಿ ಅವರೇ.”

ಅವರು ಹುಲ್ಲಿನ ಹೊರೆ ಬಿಚ್ಚುತ್ತಿದ್ದವರು ನಿಲ್ಲಿಸಿದರು. “ಅಂಗಾದ್ರೆ ನಾನೂ ಬತ್ತೀನಿ. ನಾನು ಆಚೆ ಇರಾದ್ನ ನಾನೂ ಒಂದ್ಸಲ ನೋಡ್ಬೇಕು.”

ಬೆಳಿಗ್ಗೆ ಹೊರಟು ಮೂರು ಗಂಟೆಯ ಬಸ್ಸಿಗೆ ವಾಪಸ್ಸು ಬರಬಹುದು ಎಂದು ನಾನು ಲೆಕ್ಕ ಹಾಕಿದೆ. ಅವರು ತಲೆ ಅಲ್ಲಾಡಿಸಿದರು.

“ಅಂಗಲ್ಲ. ಓಡ್ಕಂಡ್ ಓಗಿ ಓಡ್ಕಂಡ್ ಬರಾಕೆ ಅದೇನ್ ಆಸ್ಪತ್ರೆಯಾ? ಎಲ್ಲಾನೂ ಅಂಗೇ ಮಾಡಿವ್ನಿ. ಇದೊಂದು ಅಂಗ್ ಬ್ಯಾಡ. ಸಂಜೆ ಗಂಟ ಕುಂತಿದ್ದು, ಲೈಟ್ ಆಕಾದ್ನೂ ನೋಡ್ಕಂಡ್ ಬರ್ಬೇಕು.”

ಹಾಗೆ ಅತ್ತೆಗೆ ಮೊದಲ ಸಲ ಸೋಕಿ ಬಂತು. ಮಾವ ಎರಡು ದಿನ ಗೊಣಗಿದರು. “ಒಂದಿನ ಉಟ್ಕಂಡ್ರೆ ಮೀಸೆಯೇನ್ ಉದುರೋಯ್ತದಾ?” ಎಂದು ಅತ್ತೆ ಕೇಳಿದ ಮೇಲೆ ಸುಮ್ಮನಾದರು.

ಪ್ರದರ್ಶನಕ್ಕೆ ಎರಡು ದಿನ ಮೊದಲು ಫೋನಿನಲ್ಲಿ ಚಿತ್ರದ ಫೋಟೋ ತೋರಿಸಿದೆ. ಅವರ ಬೆರಳು ತಾಗಿ ಅದು ದೊಡ್ಡದಾಗಿ, ತೆರೆಯ ತುಂಬ ಬರೀ ಸೀರೆ ನಿಂತಿತು. ಅವರು ಬಹಳ ಹೊತ್ತು ನೋಡಿದರು. “ಸಗಣಿ ಗುರ್ತನ್ನೂ ಬುಟ್ಟಿಲ್ಲ ನೀನು,” ಎಂದರು ಮೆಲ್ಲಗೆ. ಆ ಗುರುತುಗಳನ್ನು ಅಷ್ಟು ನಿಖರವಾಗಿ ತರಲು ನಾನು ಪಟ್ಟ ಪಾಡು ನನಗೆ ಗೊತ್ತು. ಹಾಗಾಗಿ ಅದನ್ನು ಮೆಚ್ಚುಗೆ ಎಂದುಕೊಂಡೆ.

ಪ್ರದರ್ಶನದ ದಿನ ನಾನು ಬೆಳಿಗ್ಗೆಯೇ ಕಾಲೇಜಿನಲ್ಲಿದ್ದೆ. ಅತ್ತೆ ಮತ್ತು ಅವ್ವ ಇಳಿಮಧ್ಯಾಹ್ನದ ಬಸ್ಸಿಗೆ ಹೊರಟಿದ್ದರು. ಅಷ್ಟರಲ್ಲಿ ಅವರಿಬ್ಬರಿಗೂ ರಾಜಿಯಾಗಿತ್ತು. ಉದ್ಘಾಟನೆ ಮುಗಿಯಿತು, ಜನ ಬಂದರು, ನಾನು ಬಾಗಿಲು ಮತ್ತು ಫೋನು ನೋಡುತ್ತ ನಿಂತಿದ್ದೆ. ಅವ್ವನ ಕರೆ ಬಂತು. ಹಿಂದೆ ಬಸ್ಸುಗಳ ಸದ್ದು.

“ಪಟ್ಣದಲ್ಲಿ ಇಳಿದ್ಬುಟ್ವು ಕಣೆ.” ಶ್ರೀರಂಗಪಟ್ಟಣಕ್ಕೆ ನಮ್ಮ ಕಡೆ ಅಷ್ಟೇ ಅನ್ನುವುದು. “ಕೆಂದ ನಿಮ್ ಮಾವನ್ನ ಒದ್ಬುಡ್ತಂತೆ. ಸೀರೆ ಉಟ್ಕಂಡಿದ್ರೂ ಹತ್ರಕ್ಕೇ ಸೇರಿಸ್ತಿಲ್ವಂತೆ. ಮೈಸೂರು ಇನ್ನೇನು ಅರ್ಧ ಗಂಟೆ, ನೋಡ್ಕಂಡೇ ಓಗಾನ ಬಾ ಅಂದೆ. ‘ಕೆಚ್ಚಲು ಬಿಗಿತಾ ಅದೆ ಕಣಕ್ಕ, ನಂಗೆ ಇಲ್ಲೇ ಗೊತ್ತಾಯ್ತಾ ಅದೆ’ ಅಂತಾಳೆ. ಬಸ್ ನಿಂತಿತ್ತು, ಇಳಿದೇಬುಟ್ಳು.”

ಹಾಲ್‌ನಲ್ಲಿ ನನ್ನ ಚಿತ್ರದ ಮುಂದೆ ಯಾರೋ ಇಬ್ಬರು ನಿಂತಿದ್ದರು. ಆ ಕೈ ನೋಡಿ, ಎಂದು ಒಬ್ಬರು ಇನ್ನೊಬ್ಬರಿಗೆ ತೋರಿಸುತ್ತಿದ್ದರು.

ಮನೆ ತಲುಪಿದಾಗ ಕೊಟ್ಟಿಗೆಯಲ್ಲಿ ದೀಪ ಉರಿಯುತ್ತಿತ್ತು. ಅತ್ತೆ ಧಾರೆಯ ಸೀರೆಯಲ್ಲೇ, ಮುಡಿದ ಮಲ್ಲಿಗೆಯಲ್ಲೇ ಕೆಂದನ ಪಕ್ಕ ಕೂತು ಕೆಚ್ಚಲಿಗೆ ಬಿಸಿನೀರಿನ ಬಟ್ಟೆ ಒತ್ತುತ್ತಿದ್ದರು. ಅದು ಒದ್ದಾಡಿ ಕೆಚ್ಚಲು ಬಾತಿತ್ತು. ಜಗುಲಿಯ ಮೇಲೆ ಮಾವ ಮುಂಗೈಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ಅವರ ಪಕ್ಕದಲ್ಲಿ ಮಡಚಿಟ್ಟಿದ್ದ ಸೀರೆಯನ್ನು ನಾನು ಮೊದಲು ಗುರುತಿಸಲಿಲ್ಲ. ತಿಳಿ ನೀಲಿ, ಅಂಚಿನಲ್ಲಿ ಸಣ್ಣ ಹೂಗಳು. ಸೋಪಿನಪುಡಿಯ ವಾಸನೆ.

“ನೆನ್ನೆ ಒಗ್ದುಬುಟ್ಟಿದ್ದೆ ಕಣವ್ವ,” ಎಂದರು ಅತ್ತೆ, ನನ್ನ ಕಡೆ ನೋಡದೆ. “ಪಟದಲ್ಲಂತೂ ಕೊಳೆ ಅಂಗೇ ನಿಂತೋಯ್ತು. ಮನೇಲಿರಾದಾದ್ರೂ ಮಡಿಯಾಗಿರ್ಲಿ ಅನ್ನುಸ್ತು. ಹಸೀನ ಗ್ಯಾನವೇ ಬರ್ಲಿಲ್ಲ.”

ನಾನು ತಣ್ಣಗಾದ ಬಟ್ಟೆಯನ್ನು ಮತ್ತೆ ಬಿಸಿನೀರಿಗೆ ಅದ್ದಿ, ಹಿಂಡಿ ಕೊಟ್ಟೆ. ಅದನ್ನು ಒತ್ತುತ್ತ ಅವರೇ ಕೇಳಿದರು: “ಜನ ಬಂದಿದ್ರಾ?”

“ಬಂದಿದ್ರು.”

“ಏನಂದ್ರು?”

“ಕೈ ನೋಡಿ ಅಂದ್ರು.”

“ಇದ್ನಾ?” ಅವರು ಒದ್ದೆ ಕೈಯನ್ನು ಬೆಳಕಿಗೆ ಹಿಡಿದು, ಆ ಕಡೆ ಈ ಕಡೆ ತಿರುಗಿಸಿ, ಯಾರದೋ ಎನ್ನುವ ಹಾಗೆ ನೋಡಿದರು. ಆಮೇಲೆ ನಾಚಿಕೊಂಡು ಸೆರಗಿನೊಳಗೆ ಸೇರಿಸಿದರು.

ಕೆಚ್ಚಲು ಬಾವು ಇಳಿಯುವಷ್ಟರಲ್ಲಿ ಪ್ರದರ್ಶನ ಮುಗಿದಿತ್ತು. ಕಾಲೇಜಿನವರು ಆ ಚಿತ್ರವನ್ನು ಇಟ್ಟುಕೊಂಡರು. ವಿಭಾಗದ ಮೊಗಸಾಲೆಯಲ್ಲಿ ತೂಗುಹಾಕಿದ್ದಾರೆ. ಹೇಳಿದಾಗ ಅತ್ತೆಗೆ ಖುಷಿಯಾಯಿತು. “ಇರ್ಲಿ ಬುಡು. ಅದೇನು ಓಡೋಯ್ತದಾ? ಕೆಂದ ಬತ್ತಿದ್ ಮ್ಯಾಲೆ ಓಗಾನ.” ಹಸು ಮುಂದಿನ ಕರು ಹಾಕುವ ಮೊದಲು ಎರಡು ತಿಂಗಳು ಹಾಲು ನಿಲ್ಲಿಸುತ್ತಾರೆ. ಕೆಂದ ಆಗ ಗಬ್ಬವಾಗಿತ್ತು. ಶಿವರಾತ್ರಿ ಕಳೆದ ಮೇಲೆ ಬತ್ತಿಸುವುದಿತ್ತು. ಕರಿ ಹಸುವನ್ನು ಮಾವ ಸೀರೆಯಿಲ್ಲದೆ ಕರೆಯಬಲ್ಲರು. ಅತ್ತೆಗೆ ಒಂದು ಇಡೀ ದಿನ ಸಿಗುತ್ತಿತ್ತು. ಡೈರಿಯಲ್ಲಿ ಅವರು ಎಲ್ಲರಿಗೂ ಹೇಳಿಕೊಂಡು ಬಂದರು. “ಶಿವರಾತ್ರಿ ಕಳೀಲಿ, ಮೈಸೂರಲ್ಲಿ ನನ್ ನೋಡ್ಕಂಡ್ ಬತ್ತೀನಿ.” ಸೀರೆಯನ್ನು ಮತ್ತೆ ಗೂಟಕ್ಕೆ ಹಾಕಿ ದಿನಾ ಉಟ್ಟರು. ಮಳೆಗಾಲ ಕಳೆಯುವ ಹೊತ್ತಿಗೆ ಅದು ಮೊದಲಿನ ಬಣ್ಣಕ್ಕೆ ತಿರುಗುತ್ತಿತ್ತು. ನಾನು ಕಿಟಕಿಯಿಂದ ನೋಡುತ್ತಿದ್ದೆ.

ನಾನು ಓದು ಮುಗಿಸಿ ಪಾಂಡವಪುರದ ಒಂದು ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಚಿತ್ರ ಹೇಳಿಕೊಡಲು ಸೇರಿದ್ದೆ. ಎಂ.ಎ. ಮಾಡುವ ಮಾತಿಗೆ ಅಪ್ಪ “ನೋಡಾನ” ಎಂದಿದ್ದರು.

ಸಂಕ್ರಾಂತಿ ಆಗಿ ಕೆಲವೇ ದಿನ. ಅತ್ತೆ ಬೆಳಗಿನ ಹಾಲು ಡೈರಿಗೆ ಹಾಕಿ ಬಂದು, ಕ್ಯಾನು ತೊಳೆದು ಬೋರಲು ಹಾಕಿ, ಎದೆ ಉರಿ ಎಂದು ಜಗುಲಿಯ ಮೇಲೆ ಮಲಗಿದರು. ಮಾವ ಸೋಡಾ ತರಲು ಹೋಗಿ ಬರುವಷ್ಟರಲ್ಲಿ ಹೋಗಿಬಿಟ್ಟಿದ್ದರು. ಬೆಳಗೊಳಕ್ಕೆ ಕೊಟ್ಟಿದ್ದ ಅವರ ಮಗಳು ಮಧ್ಯಾಹ್ನದೊಳಗೆ ಬಂದಳು. ಸಂಜೆಯೊಳಗೆ ಅವರ ಹೊಲದಲ್ಲೇ ಸುಟ್ಟು, ಎಲ್ಲರೂ ಸ್ನಾನ ಮಾಡಿ ಬಂದು ಅಂಗಳದಲ್ಲಿ ಕೂತಿದ್ದರು. ಯಾರಿಗೂ ಮಾತಾಡಲು ಆಗುತ್ತಿರಲಿಲ್ಲ, ಏಕೆಂದರೆ ಕೊಟ್ಟಿಗೆಯಲ್ಲಿ ಕೆಂದ ಒಂದೇ ಸಮನೆ ಕೂಗುತ್ತಿತ್ತು.

“ಯಾರಾದ್ರೂ ಅದ್ನ ಕರೀರಪ್ಪ, ಮೂಕ ಪ್ರಾಣಿ,” ಎಂದರು ಒಬ್ಬರು ಹಿರಿಯರು.

ಮಾವ ಎದ್ದು ಹೋಗಿ ಗೂಟದಿಂದ ಸೀರೆ ತೆಗೆದುಕೊಂಡರು. ಅದನ್ನು ಸುತ್ತಿಕೊಳ್ಳಲು ಹೋಗಿ, ಅಲ್ಲೇ ಕುಸಿದು ಕೂತು, ಮಡಿಲಲ್ಲಿ ಹಿಡಿದುಕೊಂಡರು. “ನನ್ ಕೈಲಾಗಾಕಿಲ್ಲ ಕಣವ್ವ,” ಎಂದರು. ಹತ್ತಿರ ನಿಂತಿದ್ದವಳು ನಾನು. ನಾನು ಸೀರೆಯನ್ನು ತೆಗೆದುಕೊಂಡು ಚೂಡಿದಾರದ ಮೇಲೆಯೇ ಸುತ್ತಿಕೊಂಡೆ. ಕೆಂದ ಕೂಗು ನಿಲ್ಲಿಸಿ ಸೆರಗನ್ನು ಬಹಳ ಹೊತ್ತು ಮೂಸಿತು. ನಾನು ಅದರ ಹೊಟ್ಟೆಗೆ ಹಣೆ ಒತ್ತಿ, ಹೆಬ್ಬೆರಳು ಮಡಚಿ, ಕಾದೆ. ಆಮೇಲೆ ಬಕೆಟ್ಟಿನ ತಳಕ್ಕೆ ಹಾಲು ಬಿದ್ದ ಸದ್ದು ಕೇಳಿ, ಅಂಗಳದಲ್ಲಿ ಮಗಳು ಜೋರಾಗಿ ಅತ್ತಳು.

ಮರುದಿನ ಬೆಳಿಗ್ಗೆ ನಾನೇ ಹೋದೆ. ಸಂಜೆಯೂ. “ಬತ್ತೋ ಗಂಟ ಒಸಿ ನೋಡ್ಕಳವ್ವ,” ಎಂದರು ಮಾವ. “ಈಗ ಮಾರ್ದ್ರೆ ಕೊಂಡೋರ್ನ ಒದ್ದು ವಾಪಸ್ ಬತ್ತದೆ.” ಅಪ್ಪ ಈ ಸಲ “ನೋಡಾನ” ಎನ್ನಲಿಲ್ಲ. “ಅದ್ರಲ್ಲೇನದೆ, ಪಕ್ಕದ ಮನೆ, ಮಾಡು” ಎಂದರು.

ಮೂರನೇ ದಿನ ಸುಟ್ಟ ಜಾಗದಲ್ಲಿ ಹಾಲುತುಪ್ಪ ಬಿಟ್ಟು, ಅಸ್ಥಿ ಬಿಡಲು ಬಾಡಿಗೆಯ ಟೆಂಪೋದಲ್ಲಿ ಶ್ರೀರಂಗಪಟ್ಟಣಕ್ಕೆ ಹೋದೆವು. ಮಡಕೆ ಮಾವನ ಮಡಿಲಲ್ಲಿತ್ತು. ಬಸ್‌ಸ್ಟ್ಯಾಂಡಿನ ಮುಂದೆ ಹೋಗುವಾಗ ಅವ್ವ ನನ್ನ ಮೊಣಕೈ ಮುಟ್ಟಿ, ಕಣ್ಣಲ್ಲೇ ಒಂದು ಜಾಗ ತೋರಿಸಿದಳು. ಅವತ್ತು ಅವರಿಬ್ಬರು ಇಳಿದ ಜಾಗ ಅದು.

ನದಿಯಲ್ಲಿ ಬೂದಿ ಬಿಟ್ಟ ಮೇಲೆ ಮಗಳು ಅತ್ತೆಯ ಬಟ್ಟೆಗಳ ಗಂಟು ಬಿಚ್ಚಿದಳು. ಧಾರೆಯ ಸೀರೆ ನೀರಿನಲ್ಲಿ ಸ್ವಲ್ಪ ಹೊತ್ತು ಉಬ್ಬಿ ನಿಂತು, ಆಮೇಲೆ ಹೊರಟಿತು.

“ದಿನಾ ಉಡ್ತಿದ್ ಸೀರೆ ಇದ್ರಲ್ಲಿಲ್ವಲ್ಲ?” ಎಂದು ಜೊತೆಗೆ ಬಂದಿದ್ದ ಹಿರಿಯರು ಕೇಳಿದರು. “ಅದ್ನೂ ಬುಡ್ಬೇಕು.”

“ಅದು ಹಸೀಗೆ ಬೇಕು,” ಎಂದರು ಮಾವ.

ವಾಪಸ್ಸು ಬರುವಾಗ ಟೆಂಪೋ ದೊಡ್ಡ ರಸ್ತೆಗೆ ಸೇರುವ ಕಡೆ ನಿಂತಿತು. ಎದುರಿಗೆ ಮೈಸೂರಿನ ಬಸ್ಸುಗಳು ಹೋಗುತ್ತಿದ್ದವು. ಮಾವ ಅವುಗಳನ್ನೇ ನೋಡುತ್ತಿದ್ದವರು ನನ್ನ ಕಡೆ ತಿರುಗಿದರು.

“ಮೈಸೂರು ಇಲ್ಲೇ ಅಲ್ವೇನವ್ವ? ಅವಳ ಪಟ ಅಲ್ಲೇ ನೇತಾಕವ್ರೆ ಅಂದಿದ್ಯಲ್ಲ. ಒಂದ್ ಗಳಿಗೆ ನೋಡ್ಕಂಡ್ ಓಗಾನ? ಅವಳಂತೂ ನೋಡ್ನಿಲ್ಲ.”

“ಎತ್ಲಾಗ್ ತಿರುಗಿಸ್ಲಿ ಯಜಮಾನ್ರೆ?” ಎಂದು ಡ್ರೈವರ್ ಹಿಂದಕ್ಕೆ ನೋಡಿ ಕೇಳಿದ.

ಎಲ್ಲರೂ ನನ್ನನ್ನು ನೋಡಿದರು. ಕಾಲೇಜು ಇನ್ನೂ ತೆರೆದಿರುತ್ತಿತ್ತು. ಅರ್ಧ ಗಂಟೆಯ ದಾರಿ. ಮೊಗಸಾಲೆಯಲ್ಲಿ ಚಿತ್ರಕ್ಕೆ ಸಂಜೆಯ ಬೆಳಕು ಎಲ್ಲಿಂದ ಬೀಳುತ್ತದೆ ಎನ್ನುವುದೂ ನನಗೆ ಗೊತ್ತಿತ್ತು. ನಾನು ಹೊತ್ತು ನೋಡಿದೆ. ಬಿಸಿಲು ಆಗಲೇ ಓರೆಯಾಗಿತ್ತು.

“ಹಸ ಬತ್ತಲಿ ಮಾವ,” ಎಂದೆ. “ಆಮೇಲೆ ಹೋಗೋಣ.”

ಮಾವ ತಲೆ ಆಡಿಸಿದರು. ಡ್ರೈವರ್ ಪಾಂಡವಪುರದ ಕಡೆಗೆ ತಿರುಗಿಸಿದ.